ಅವ್ವ ಮುಟ್ಟದ ನೀರು

ಹರಳೆಣ್ಣೆ ಬಿಸಿ ಮಾಡುವಾಗ ಬರುವ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಈಗಿನ ಮನೆಗಳಲ್ಲಿ ಅದು ಅಪರೂಪ. ಘಾಟೂ ಅಲ್ಲ, ಕಮಟೂ ಅಲ್ಲ. ಸ್ವಲ್ಪ ಹಸಿ ಸೊಪ್ಪಿನ ಹಾಗೆ, ಸ್ವಲ್ಪ ಹಳೇ ಮರದ ಪೆಟ್ಟಿಗೆಯ ಹಾಗೆ. ಈ ಸಲದ ಯುಗಾದಿ ಬೆಳಿಗ್ಗೆ, ರಾಜಘಟ್ಟದ ಹತ್ತಿರದ ನಮ್ಮೂರಿನಲ್ಲಿ, ಅಣ್ಣನ ಮನೆಯ ನಡುಮನೆಯಲ್ಲಿ ಚಾಪೆಯ ಮೇಲೆ ಬಿದ್ದುಕೊಂಡಿದ್ದ ನನ್ನನ್ನು ಆ ವಾಸನೆ ಎಬ್ಬಿಸಿತು. ಎಬ್ಬಿಸಿತು ಎಂದರೆ ಸುಳ್ಳು. ಕಣ್ಣು ಬಿಡಿಸಿತು, ಅಷ್ಟೆ. ಏಳುವ ಮನಸ್ಸಿರಲಿಲ್ಲ. ನಿವೃತ್ತಿಯಾದ ಮೇಲೆ ಜೀವ ಹಗುರಾಗುತ್ತದೆ ಎಂದು ಯಾರೋ ಹೇಳಿದ್ದರು. ಸುಳ್ಳಪ್ಪ. ಇಷ್ಟು ವರ್ಷ ನಾಳೆಗೆ, ನಾಡಿದ್ದಿಗೆ ಎಂದು ಮುಂದಕ್ಕೆ ಹಾಕುತ್ತ ಬಂದ ದಣಿವೆಲ್ಲ ಒಟ್ಟಿಗೆ ಬಂದು ನನ್ನ ಮೈಮೇಲೆ ಕೂತಿದೆ.

ವಾಸನೆ ಮೂಗಿಗೆ ಬಿದ್ದ ತಕ್ಷಣ ನಾನು ಮಾಡಿದ್ದೇನು ಗೊತ್ತೇ? ಎರಡೂ ಕೈಗಳನ್ನು ಹೊದಿಕೆಯೊಳಕ್ಕೆ ಎಳೆದುಕೊಂಡೆ. ಬೆರಳಿಗೆ ಎಣ್ಣೆ ತಗಲಬಾರದಲ್ಲ! ಕೆಲಸ ಬಿಟ್ಟು ತಿಂಗಳುಗಳಾದವು, ನನ್ನ ಉಪಕರಣವನ್ನು ಸಂಸ್ಥೆಯವರು ಗುಜರಿಗೆ ಹಾಕಿದ್ದೂ ಆಯಿತು. ಆದರೆ ಬೆರಳುಗಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ನಾನು ರಸಾಯನಶಾಸ್ತ್ರದವಳು. ಮೂವತ್ತು ಚಿಲ್ಲರೆ ವರ್ಷ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ನೀರಿನ ಮೇಲ್ಮೈ ನೋಡಿಕೊಂಡು ಕೂತಿದ್ದೆ. ನೀರಿನ ಒಳಗಲ್ಲ, ಮೇಲೆ. ನೀರು ಮುಗಿದು ಗಾಳಿ ಶುರುವಾಗುತ್ತದಲ್ಲ, ಆ ಗಡಿಯಲ್ಲಿ. ಹಿಂದೊಮ್ಮೆ ಹೊಸಕೋಟೆ ಕಡೆಯಿಂದ ನನ್ನನ್ನು ನೋಡಲು ಗಂಡಿನವರು ಬಂದಿದ್ದರು. ಗಂಡಿನ ಸೋದರಮಾವ, “ಏನ್ ಕೆಲ್ಸ ಮಾಡ್ತೀಯವ್ವಾ?” ಎಂದು ಕೇಳಿದರು. ನಾನು ಸರಳವಾಗಿ ಹೇಳಲು ಹೋಗಿ, “ನೀರಿನ ಮೇಲೆ ಎಣ್ಣೆ ಥರದ್ದು ಒಂದು ತೊಟ್ಟು ಬಿಟ್ಟು, ಏನಾಗ್ತದೆ ಅಂತ ನೋಡ್ತೀನಿ” ಅಂದೆ. ಅವರು ಗಂಡಿನ ಮುಖ ನೋಡಿದರು. ಗಂಡು ಉಪ್ಪಿಟ್ಟಿನ ತಟ್ಟೆ ನೋಡಿದ. “ಅದಕ್ಕೆ ಸಂಬಳ ಬೇರೆ ಕೊಡ್ತಾರಾ?” ಎಂದರು ಸೋದರಮಾವ. ಆ ಸಂಬಂಧ ಕೂಡಲಿಲ್ಲ. ಆಮೇಲಿನವೂ ಕೂಡಲಿಲ್ಲ. ಅದರ ಬಗ್ಗೆ ನನಗೆ ದೊಡ್ಡ ದುಃಖವೇನೂ ಇಲ್ಲ ಬಿಡಿ.

ಅವರಿಗೆ ಹೇಳಿದ್ದು ಸುಳ್ಳಲ್ಲ. ಅಗಲವಾದ, ಮೊರದಷ್ಟು ಆಳವಿಲ್ಲದ ಒಂದು ಬಿಳಿ ತೊಟ್ಟಿ. ಅದರ ತುಂಬ ಶುದ್ಧ ನೀರು. ಅದರ ಮೇಲೆ ಕೊಬ್ಬಿನ ಜಾತಿಯ ಒಂದು ವಸ್ತುವನ್ನು ಕ್ಲೋರೋಫಾರಂನಲ್ಲಿ ಕರಗಿಸಿ ತೊಟ್ಟು ತೊಟ್ಟಾಗಿ ಬಿಡುವುದು. ಕ್ಲೋರೋಫಾರಂ ಆರಿಹೋಗುತ್ತದೆ; ಆ ವಸ್ತುವಿನ ಅಣುಗಳು ನೀರಿನ ಮೇಲೆ ಒಂದೇ ಒಂದು ಪದರವಾಗಿ ಹರಡಿಕೊಳ್ಳುತ್ತವೆ. ಒಂದೊಂದು ಅಣುವಿಗೂ ಒಂದು ತುದಿ ನೀರನ್ನು ಬಯಸುವಂಥದ್ದು, ಇನ್ನೊಂದು ತುದಿ ನೀರೆಂದರೆ ಆಗದಂಥದ್ದು. ಮೊದಲು ಎಲ್ಲವೂ ಅಡ್ಡಾದಿಡ್ಡಿ ಬಿದ್ದುಕೊಂಡಿರುತ್ತವೆ. ಆಮೇಲೆ ಪಕ್ಕದಿಂದ ಒಂದು ಪಟ್ಟಿಯನ್ನು ಮೆಲ್ಲಗೆ ತಳ್ಳುತ್ತ ಬಂದರೆ ಜಾಗ ಕಿರಿದಾಗಿ ಒಂದೊಂದಾಗಿ ಎದ್ದು ನಿಲ್ಲುತ್ತವೆ. ದೊಡ್ಡಬಳ್ಳಾಪುರದ ಖಾಸಗಿ ಬಸ್ಸು ಹತ್ತಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊದಲು ಕಾಲು ಚಾಚಿಕೊಂಡು, ಚೀಲ ಪಕ್ಕದ ಸೀಟಿನ ಮೇಲಿಟ್ಟುಕೊಂಡು ಕೂತಿರುತ್ತೇವೆ. ಕಂಡಕ್ಟರು “ಒಳಕ್ ಹೋಗಿ, ಒಳಕ್ ಹೋಗಿ” ಎಂದು ತಳ್ಳಿಕೊಂಡು ಬಂದ ಹಾಗೆಲ್ಲ ನೆಟ್ಟಗಾಗುತ್ತ ಹೋಗುತ್ತೇವೆ. ಇನ್ನೂ ತಳ್ಳಿದರೆ ಒಬ್ಬರ ಮೇಲೊಬ್ಬರು ಬೀಳುತ್ತೇವೆ. ಅಣುಗಳೂ ಹಾಗೆಯೇ. ನೆಟ್ಟಗೆ, ಒಟ್ಟಾಗಿ, ಚೆಂದಾಗಿ ನಿಂತಿರುವುದು ಒಂದು ಕಾಫಿ ಕುಡಿಯುವಷ್ಟು ಹೊತ್ತು. ಆಮೇಲೆ ಕುಸಿತ.

ಆ ಒಂದು ಕಾಫಿಯಷ್ಟು ಹೊತ್ತಿಗಾಗಿ ಒಂದು ಇಡೀ ಆಯುಷ್ಯ. ಅದರಲ್ಲೂ ಮುಕ್ಕಾಲು ಪಾಲು ಹೋದದ್ದು ನೀರನ್ನು ಶುಚಿ ಮಾಡುವುದರಲ್ಲೇ. ಬೆಳಿಗ್ಗೆ ತೊಟ್ಟಿ ತೊಳೆ, ನೀರು ತುಂಬು, ಪಟ್ಟಿ ತಳ್ಳಿ ನೋಡು. ಪಟ್ಟಿ ತಳ್ಳಿದ ಹಾಗೆ ಪದರದ ಒತ್ತಡ ಎಷ್ಟು ಏರಿತು ಎಂದು ಉಪಕರಣ ಕಾಗದದ ಮೇಲೆ ಗೆರೆ ಎಳೆಯುತ್ತದೆ; ಏನೂ ಬಿಡದ ನೀರಿನ ಮೇಲೂ ಏನೋ ಇದೆ ಎಂದು ಆ ಗೆರೆ ತೋರಿಸುತ್ತದೆ. ಎಲ್ಲಿಂದಲೋ ಧೂಳು, ಯಾರದೋ ಬೆರಳು. ನೀರು ಚೆಲ್ಲು. ಮತ್ತೆ ತೊಳೆ. ಮನೆಯಲ್ಲಿ ಒಂದು ದಿನವೂ ಇಷ್ಟು ಪಾತ್ರೆ ತೊಳೆಯದವಳು ಸರ್ಕಾರದ ದುಡ್ಡಿನಲ್ಲಿ ಜೀವಮಾನವೆಲ್ಲ ಒಂದೇ ಪಾತ್ರೆ ತೊಳೆದೆ.

ಇದನ್ನು ನನಗೆ ಕಲಿಸಿದವರು ನಮ್ಮ ಗೈಡು. ಸಣಕಲು ಮನುಷ್ಯ, ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಬರುತ್ತಿದ್ದರು. ನಮಸ್ಕಾರ ಎಂದರೆ ನಮಸ್ಕಾರ ಎನ್ನುವ ಅಭ್ಯಾಸ ಅವರಿಗಿರಲಿಲ್ಲ. “ನೀರು ಹೇಗಿದೆಯಮ್ಮಾ?” ಎಂದು ಕೇಳುತ್ತಿದ್ದರು. ಜ್ವರ ಬಂದು ರಜೆ ಹಾಕಿ ಮರಳಿ ಬಂದ ದಿನವೂ ಅದನ್ನೇ ಕೇಳಿದ್ದರು. ಮೊದಲು ಕೋಪ ಬರುತ್ತಿತ್ತು. ಆಮೇಲೆ, ನೀರು ಚೆನ್ನಾಗಿದ್ದರೆ ನಾವೂ ಚೆನ್ನಾಗಿದ್ದೇವೆ ಎಂದು ಅವರು ಲೆಕ್ಕ ಹಾಕಿಕೊಂಡಿದ್ದಾರೆ ಅಂತ ತಿಳಿಯಿತು. ಬಹುಮಟ್ಟಿಗೆ ಅದು ನಿಜವೂ ಆಗಿತ್ತು.

ಸಂಶೋಧನೆಗೆ ಸೇರಿದ ಹೊಸದರಲ್ಲಿ ನನ್ನ ಗೆರೆಯಲ್ಲಿ ಒಂದು ವಿಚಿತ್ರ ಕಾಣಿಸಿಕೊಂಡಿತು. ಪಟ್ಟಿ ತಳ್ಳಿದ ಹಾಗೆ ನೆಟ್ಟಗೆ ಏರಬೇಕಾದ ಗೆರೆ ನಡುವೆ ಒಂದು ಕಡೆ ಸಮತಟ್ಟಾಗಿ ಮಲಗಿ, ಸ್ವಲ್ಪ ದೂರ ಹೋಗಿ, ಮತ್ತೆ ಎದ್ದು ಏರುತ್ತಿತ್ತು. ಏರುವ ದಾರಿಯಲ್ಲಿ ಅಣುಗಳು ಎಲ್ಲೋ ಕೂತು ಸುಧಾರಿಸಿಕೊಂಡ ಹಾಗೆ. ಯುಗಾದಿ ಮುಗಿಸಿ ಊರಿನಿಂದ ಬಂದ ಮೇಲೆ ಬಂತು, ಕೆಲವು ದಿನಕ್ಕೆ ಮಾಯವಾಯಿತು. ಗೌರಿ ಹಬ್ಬ ಕಳೆದ ಮೇಲೆ ಮತ್ತೆ ಬಂತು. ಬೇರೆ ಹುಡುಗರು ಅದೇ ವಸ್ತು, ಅದೇ ನೀರು ಇಟ್ಟುಕೊಂಡು ಮಾಡಿದರೆ ಬರುತ್ತಿರಲಿಲ್ಲ. ಗೈಡು ಹಿಗ್ಗಿಹೋದರು. ಅಣುಗಳ ಜೋಡಣೆಯಲ್ಲಿ ಇದುವರೆಗೆ ಯಾರೂ ಕಾಣದ ಹೊಸ ಸ್ಥಿತಿ ಇರಬಹುದು ಎಂದರು. ನನಗೆ ಮಾತ್ರ ಏಕೆ ಬರುತ್ತದೆ ಎಂಬ ಪ್ರಶ್ನೆಗೆ ಅಷ್ಟು ಓದಿದ ಆ ಮನುಷ್ಯ ಕೊಟ್ಟ ಉತ್ತರ: “ಇವಳ ಕೈಗುಣ!” ಒಂದು ಸಮ್ಮೇಳನಕ್ಕೆ ಪ್ರಬಂಧದ ಸಾರಾಂಶವನ್ನೂ ಕಳಿಸಿಬಿಟ್ಟರು. ನಾನು ಹಾಸ್ಟೆಲಿನ ಕನ್ನಡಿಯಲ್ಲಿ ನನ್ನನ್ನೇ ಎರಡೆರಡು ಸಲ ನೋಡಿಕೊಂಡಿದ್ದು ಆ ದಿನಗಳಲ್ಲೇ.

ದೀಪಾವಳಿ ಮುಗಿಸಿಕೊಂಡು ಮೊದಲ ಬಸ್ಸಿಗೆ ಬಂದು ನೇರವಾಗಿ ತೊಟ್ಟಿಯ ಮುಂದೆ ಕೂತಿದ್ದೆ. ಸಮತಟ್ಟು ಬಂದಿತ್ತು. ಗೈಡು ಅದನ್ನು ನೋಡಲು ನನ್ನ ಹೆಗಲ ಮೇಲಿಂದ ಬಗ್ಗಿದವರು ತಟ್ಟನೆ ನಿಂತರು. ಮೂಗು ಅರಳಿಸಿದರು.

“ತಲೆಗೆ ಯಾವ ಎಣ್ಣೆ ಹಾಕ್ತೀಯಮ್ಮಾ?”

“ಹರಳೆಣ್ಣೆ ಸರ್. ಹಬ್ಬಕ್ಕೆ ಹೋದ್ರೆ ನಮ್ಮವ್ವ ಹಾಕ್ತಾರೆ.”

“ಒಂದು ಕೂದಲು ಕಿತ್ತು ಕೊಡು.”

ಹೊಸ ನೀರು ತುಂಬಿಸಿ, ಬೇರೇನನ್ನೂ ಬಿಡದೆ, ನನ್ನ ಒಂದೇ ಒಂದು ಕೂದಲನ್ನು ಅದರಲ್ಲಿ ಅದ್ದಿ ತೆಗೆದು ಪಟ್ಟಿ ತಳ್ಳಿದರು. ಗೆರೆ ಏರಿತು, ಮಲಗಿತು, ಮತ್ತೆ ಎದ್ದಿತು. ಹರಳೆಣ್ಣೆಯ ಅಣುವಿಗೆ ನಡುವಿನಲ್ಲೂ ನೀರನ್ನು ಬಯಸುವ ಒಂದು ಕೊಂಡಿ ಇದೆ. ಹಾಗಾಗಿ ಅದು ಬೇಗ ಎದ್ದು ನಿಲ್ಲುವುದಿಲ್ಲ, ನೀರನ್ನು ಅಪ್ಪಿಕೊಂಡೇ ಮಲಗಿರುತ್ತದೆ. ಸೀಗೆಪುಡಿ ಹಾಕಿ ಎಷ್ಟು ಉಜ್ಜಿದರೂ ಅವ್ವ ಹಚ್ಚಿದ ಎಣ್ಣೆ ಬಿಡುವ ಪೈಕಿಯಲ್ಲ. ಕೂದಲು ಸರಿಮಾಡಿಕೊಂಡ ಕೈಯಲ್ಲೇ ನಾನು ಪಟ್ಟಿ ಮುಟ್ಟುತ್ತಿದ್ದೆ, ಅಷ್ಟೆ.

ಗೈಡು ಕನ್ನಡಕ ತೆಗೆದು ಒರೆಸಿಕೊಂಡು, “ಇದು ಹೊಸ ಸ್ಥಿತಿ ಅಲ್ಲಮ್ಮ. ನಿಮ್ಮ ತಾಯಿ” ಎಂದರು.

ಇಡೀ ಲ್ಯಾಬು ನಕ್ಕಿತು. ಅವರೂ ನಕ್ಕರು. ಒಂದು ಮಾತೂ ಬೈಯಲಿಲ್ಲ. ಸಮ್ಮೇಳನಕ್ಕೆ ಕಳಿಸಿದ್ದನ್ನು ಸುಮ್ಮನೆ ವಾಪಸು ತೆಗೆದುಕೊಂಡರು. ಬೈದಿದ್ದರೆ ಚೆನ್ನಾಗಿತ್ತು. ನನಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಹಳ್ಳಿಯಿಂದ ಬಂದವಳು, ಎಣ್ಣೆ ಜಡೆಯವಳು ಎಂದು ಯಾರೂ ಅನ್ನಲಿಲ್ಲ. ಎಲ್ಲರ ಪರವಾಗಿ ನಾನೇ ಅಂದುಕೊಂಡು ಅತ್ತೆ.

ಮುಂದಿನ ಯುಗಾದಿಗೆ ಊರಿಗೆ ಹೋದಾಗ ಅವ್ವ ಎಂದಿನಂತೆ ಎಣ್ಣೆ ಬಟ್ಟಲು ಹಿಡಿದುಕೊಂಡು ಬಂದಳು. ನಮ್ಮವ್ವ ಮಾತಿನ ಹೆಂಗಸಲ್ಲ. ಮುದ್ದು ಮಾಡುವುದು, ಹತ್ತಿರ ಕೂರಿಸಿಕೊಳ್ಳುವುದು ಎಲ್ಲ ಅವಳಿಗೆ ಬರುತ್ತಿರಲಿಲ್ಲ. ಹಸು, ಹೊಲ, ಒಲೆ, ಇದಿಷ್ಟರ ನಡುವೆ ಅವಳ ಕೈ ನನ್ನ ಮೈಗೆ ತಗಲುತ್ತಿದ್ದದ್ದು ಎಣ್ಣೆ ಹಚ್ಚುವಾಗ ಮಾತ್ರ. ನೆತ್ತಿಗೆ ತಟ್ಟಿ, ಕಿವಿಯ ಹಿಂದೆ ತಿಕ್ಕಿ, ಕತ್ತು ನೀವಿ, ಹಬ್ಬ ಹಬ್ಬಕ್ಕೆ ಕೂಡಿಟ್ಟುಕೊಂಡದ್ದನ್ನೆಲ್ಲ ಅರ್ಧ ಗಂಟೆಯಲ್ಲಿ ತೀರಿಸಿಬಿಡುತ್ತಿದ್ದಳು. ಅವತ್ತು ನಾನು ಹಿಂದಕ್ಕೆ ಸರಿದೆ.

“ಬೇಡವ್ವ, ಮುಟ್ಬೇಡ. ನಿನ್ನ ಕೈಯಿಂದ್ಲೇ ನನ್ನ ನೀರು ಕೆಟ್ಟಿದ್ದು.”

“ನನ್ ಕೈಯಿಂದ್ಲಾ?”

“ಹೂಂ. ಒಂದ್ ಬೆರಳು ತಗಲಿದ್ರೆ ಸಾಕು, ತೊಟ್ಟಿ ನೀರೆಲ್ಲ ಹಾಳು.”

ಅವ್ವ ಬಟ್ಟಲಿನ ಮೇಲೆ ಒಂದು ತಟ್ಟೆ ಮುಚ್ಚಿ ಒಳಗೆ ಹೋದಳು. ಅಷ್ಟೇ. ಅವತ್ತಿನಿಂದ ಅವಳು ನನ್ನನ್ನು ಮುಟ್ಟಲಿಲ್ಲ.

ಮುಟ್ಟಲಿಲ್ಲ ಎಂದರೆ ನಿಜವಾಗಿ ಮುಟ್ಟಲಿಲ್ಲ. ಬಸ್ಸಿಗೆ ಹೊರಟಾಗ ಮೊದಲೆಲ್ಲ ಬೆನ್ನ ಮೇಲೆ ಕೈಯಾಡಿಸುತ್ತಿದ್ದವಳು ಈಗ ಮಾರು ದೂರ ನಿಂತು, “ಹುಷಾರು” ಎನ್ನುವಳು. ಒಗೆದ ನನ್ನ ಬಟ್ಟೆಯನ್ನು ಅತ್ತಿಗೆಯ ಕೈಲಿ ಮಡಿಸಿಡಿಸುವಳು. ಅಣ್ಣನಿಗೆ ಎಣ್ಣೆ ಹಾಕಿ ಬೇಯಿಸಿದ ರಾಗಿ ರೊಟ್ಟಿ; ನನಗೆ ಕಟ್ಟಿಕೊಡುತ್ತಿದ್ದದ್ದು ಒಣ ರೊಟ್ಟಿ, ಅದೂ ಬಟ್ಟೆಯ ತುದಿ ಹಿಡಿದು, ಬೆರಳಿಗೆ ಬೆರಳು ತಗಲದ ಹಾಗೆ. ಮುನಿಸಿಕೊಂಡಿದ್ದಾಳೆ ಅಂದುಕೊಂಡೆ. ಇಳಿಯುತ್ತದೆ ಬಿಡು ಅಂದುಕೊಂಡೆ. ಇಳಿಯಲಿಲ್ಲ. ನಾನೂ ಕೇಳಲಿಲ್ಲ, ನಾನೂ ಅವಳ ಮಗಳೇ, ನನಗೂ ಮಾತು ಬರುವುದಿಲ್ಲ. ಒಂದು ವರ್ಷ ಕೇಳದಿದ್ದದ್ದನ್ನು ಮರುವರ್ಷ ಕೇಳುವುದು ಇನ್ನೂ ಕಷ್ಟ. ಹಾಗೆ ಹಾಗೆ ವರ್ಷಗಳೇ ಹೋದವು. ಒಂದೊಂದು ಸಲ ಬಸ್ಸಿನಲ್ಲಿ ಆ ಒಣ ರೊಟ್ಟಿ ಮುರಿಯುವಾಗ, ಇಷ್ಟು ಸಣ್ಣ ಮಾತಿಗೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ಸಿಟ್ಟು ಬರುತ್ತಿತ್ತು.

ಒಮ್ಮೆ ಅಣ್ಣ ಅವಳನ್ನು ಕಣ್ಣಿನ ಆಸ್ಪತ್ರೆಗೆ ಕರೆತಂದಿದ್ದವನು ನಮ್ಮ ಸಂಸ್ಥೆಗೂ ಕರೆತಂದ. ಅಷ್ಟು ಹೊತ್ತಿಗೆ ಗೈಡು ನಿವೃತ್ತರಾಗಿ, ಆ ಲ್ಯಾಬು ನನ್ನದಾಗಿತ್ತು. ನನಗೊಂದು ಆಸೆ, ಅವ್ವನಿಗೆ ತೊಟ್ಟಿ ತೋರಿಸಬೇಕು. ಅವ್ವ ಹೊಸಲಿನ ಆಚೆಯೇ ನಿಂತಳು. ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಎದೆಗೆ ಒತ್ತಿಕೊಂಡಿದ್ದಳು.

“ಒಳಗೆ ಬಾ ಅವ್ವ.”

“ಬ್ಯಾಡ ಬುಡು. ಇಲ್ಲಿಂದ್ಲೇ ಕಾಣ್ತದೆ.”

ಕಾಣುತ್ತಿರಲಿಲ್ಲ. ಅಲ್ಲಿಂದ ಕಾಣುವುದು ಗಾಜಿನ ಕಪಾಟು ಮಾತ್ರ. ನನ್ನ ಕೆಲಸವನ್ನು ನೋಡಲೂ ಬಾರದಷ್ಟು ಕೋಪವೇ ಅಂದುಕೊಂಡು ನಾನೂ ಬಲವಂತ ಮಾಡಲಿಲ್ಲ. ಕಾಫಿ ಕುಡಿಸಿ ಕಳಿಸಿಬಿಟ್ಟೆ.

ಆಮೇಲಿನ ವರ್ಷಗಳಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ. ಒಂದಷ್ಟು ಪ್ರಬಂಧಗಳು ಬಂದವು, ಒಂದಷ್ಟು ಜನ ಓದಿದರು. “ಇದರಿಂದ ಏನು ಉಪಯೋಗ?” ಎಂದು ಕೇಳಿದವರಿಗೆಲ್ಲ ಮೊದಮೊದಲು ಉತ್ಸಾಹದಿಂದ, ಆಮೇಲೆ ಉಪಚಾರಕ್ಕೆ, ಕೊನೆಕೊನೆಗೆ ತಲೆಯಾಡಿಸಿ ಉತ್ತರ ಕೊಟ್ಟೆ. ವಿದ್ಯಾರ್ಥಿಗಳು ಕಂಪ್ಯೂಟರಿನಲ್ಲೇ ಅಣುಗಳನ್ನು ಜೋಡಿಸುವ ಕಡೆ ಹೋದರು. ಅಲ್ಲಿ ನೀರು ಕೆಡುವುದಿಲ್ಲ, ತೊಳೆಯುವುದೂ ಬೇಡ. ಅವರದು ತಪ್ಪು ಅನ್ನಲಾರೆ. ನಾನು ಹೊರಟ ದಿನ ಹೂವಿನ ಹಾರ ಹಾಕಿ, ಒಳ್ಳೆಯ ಮಾತಾಡಿ, ಮರುವಾರ ಆ ಕೋಣೆಗೆ ಬೇರೆ ಬಣ್ಣ ಬಳಿದರು. ತೊಟ್ಟಿ ಯಾರಿಗೂ ಬೇಕಿರಲಿಲ್ಲ. ನಾನು ದೊಡ್ಡಬಳ್ಳಾಪುರದ ಪೇಟೆಯಲ್ಲಿ ಒಂದು ಸಣ್ಣ ಮನೆ ಮಾಡಿಕೊಂಡೆ. ಪಕ್ಕದಲ್ಲೇ ಪವರ್‌ಲೂಮ್; ದಿನವೆಲ್ಲ ನೆಲ ಅದುರುತ್ತದೆ. ಲೋಟದಲ್ಲಿ ನೀರಿಟ್ಟರೆ ಉಂಗುರ ಉಂಗುರವಾಗಿ ನಡುಗುತ್ತದೆ. ಎಂಥ ಜಾಗ ಹುಡುಕಿದೆ ನೋಡಿ, ಹಿಂದಾಗಿದ್ದರೆ ಇಲ್ಲಿ ಒಂದು ಗಂಟೆಯೂ ಇರುತ್ತಿರಲಿಲ್ಲ.

ಯುಗಾದಿ ಬೆಳಿಗ್ಗೆಗೆ ವಾಪಸು ಬರೋಣ. ವಾಸನೆ ಹಿಡಿದು ಕೊನೆಗೂ ಎದ್ದು ಹಿತ್ತಿಲಿಗೆ ಹೋದೆ. ಅತ್ತಿಗೆ, ಎಂದರೆ ಅಣ್ಣನ ಹೆಂಡತಿ, ಅವ್ವನನ್ನು ಕಲ್ಲುಕಟ್ಟೆಯ ಮೇಲೆ ಕೂರಿಸಿ, ಬೆರಳನ್ನು ಎಣ್ಣೆಯಲ್ಲಿ ಅದ್ದಿ ತಲೆಗೆ ಇಡಲು ಹೋಗುತ್ತಿದ್ದಳು. ಅವ್ವನಿಗೆ ಈಗ ತುಂಬ ವಯಸ್ಸು. ಕಿವಿ ಮಂದ, ಭುಜ ಮೇಲೇಳುವುದಿಲ್ಲ. ಅವಳ ಕೂದಲು ಎಷ್ಟೋ ವರ್ಷದಿಂದ ಒಣಗಿದ ಹುಲ್ಲಿನ ಹಾಗಿದೆ, ವಯಸ್ಸಾಯಿತು ಅಂದುಕೊಂಡಿದ್ದೆ. ನನ್ನನ್ನು ಕಂಡದ್ದೇ ತಡ, ಅವ್ವ ಅತ್ತಿಗೆಯ ಕೈ ತಳ್ಳಿ, “ಬ್ಯಾಡ ಬ್ಯಾಡ, ಮಗ ಬಂದೈತೆ” ಎಂದು ತಲೆಗೆ ಸೆರಗು ಹೊದ್ದುಕೊಂಡಳು.

ಅತ್ತಿಗೆ ನಕ್ಕಳು. “ಇನ್ಮೇಲೆ ಹಚ್ಕೋಬೋದು ಕಣತ್ತೆ! ನಿಮ್ ಮಗಳ ಕೆಲ್ಸ ಮುಗೀತು.”

“ನನ್ನ ಕೆಲಸಕ್ಕೂ ಇದಕ್ಕೂ ಏನತ್ತಿಗೆ?” ಎಂದೆ.

ಅತ್ತಿಗೆ ನನ್ನ ಮುಖ ನೋಡಿದಳು, ಇವಳಿಗೆ ತಲೆ ಕೆಟ್ಟಿದೆಯೇ ಎನ್ನುವ ಹಾಗೆ. “ನಿಂಗೊತ್ತಿಲ್ವಾ? ನೀನೇ ಹೇಳಿದ್ದೆ ಅಂತ ಅತ್ತೆ ನಮ್ಗೆಲ್ಲಾ ಕಟ್ಟುನಿಟ್ಟು ಮಾಡಿದ್ರಲ್ಲ! ನೀನ್ ಬರೋ ಹೊತ್ಗೆ ಮನೇಲ್ ಯಾರೂ ಎಣ್ಣೆ ಹಚ್ಕೋಬಾರ್ದು. ನಿನ್ ರೊಟ್ಟಿಗೆ ಎಣ್ಣೆ ಮುಟ್ಟಿಸ್ಬಾರ್ದು. ನಿನ್ ಬಟ್ಟೆ ಮಡಿಸೋ ಮುಂಚೆ ನಾನು ಸೀಗೆಪುಡೀಲಿ ಕೈ ತೊಳೀಬೇಕು. ದೇವರ ಮಡಿಗೂ ಇಷ್ಟ್ ಮಾಡಿಲ್ಲ ಕಣಮ್ಮ ನಾನು.”

“ಅವ್ವ ತಲೆಗೆ ಎಣ್ಣೆನೇ ಹಚ್ಕೊಂಡಿಲ್ವಾ?”

“ಎಲ್ಲಿ ಹಚ್ಕೊಂಡ್ರು? ನೀನ್ ಯಾವತ್ತು ಬರ್ತೀಯ ಅಂತ ಹೇಳ್ತಿದ್ಯಾ? ಬಸ್ಸಿಳಿದು ಬಂದ್ಬಿಡ್ತಿದ್ದೆ. ಅದಕ್ಕೇ ಅತ್ತೆ ಪೂರಾನೇ ಬಿಟ್ಬಿಟ್ರು.”

ಅವ್ವನಿಗೆ ಎಷ್ಟು ಕೇಳಿಸಿತೋ. “ನನ್ ಕೈ ಒಂದ್ಸಲ ಕೆಡಿಸ್ತಲ್ಲ ಮಗಾ, ಸಾಕಾಗಿತ್ತು” ಎಂದಳು. ಕೋಪವೇನೂ ಇರಲಿಲ್ಲ ಆ ಮಾತಿನಲ್ಲಿ. ಯಾವತ್ತೂ ಇರಲಿಲ್ಲ ಎಂದು ಕಾಣುತ್ತದೆ.

ನಾನು ಲ್ಯಾಬಿನೊಳಗೆ ಕಾಯ್ದ ನೀರನ್ನು ಇವಳು ಇಲ್ಲಿ ಕೂತು ನನಗಿಂತ ನಿಷ್ಠೆಯಿಂದ ಕಾಯ್ದಿದ್ದಳು. ಏನು ನೀರು, ಯಾಕೆ ನೀರು ಎಂದು ಕೇಳದೆ. ಉಪಯೋಗ ಏನು ಎಂದೂ ಕೇಳದೆ. ನಾನು ಹೊಸಲಲ್ಲಿ ಮುನಿಸು ಅಂದುಕೊಂಡದ್ದು, ಬಸ್ಸಿನಲ್ಲಿ ಶಿಕ್ಷೆ ಅಂದುಕೊಂಡದ್ದು, ಎಲ್ಲ ಇದು. ಅಳು ಬಂತು, ಅದರ ಹಿಂದೆಯೇ ನನ್ನ ಮೇಲೇ ವಿಪರೀತ ಸಿಟ್ಟು ಬಂತು. ಆಮೇಲೆ ಎರಡೂ ಸಾಕಾಯಿತು. ಅವ್ವನ ಕಾಲ ಬಳಿ ಹೋಗಿ ಮಣೆಯ ಮೇಲೆ ಕೂತೆ.

“ಹಚ್ಚವ್ವ.”

ಅವ್ವ ಅತ್ತಿಗೆಯ ಕಡೆ ನೋಡಿದಳು. “ದಿಟವಾಗ್ಲೂ ಮುಗೀತಾ?”

“ಮುಗೀತು ಅವ್ವ.”

“ನೀರು ಚೆನ್ನಾಗಿತ್ತಾ?”

ಗೈಡು ತೀರಿಕೊಂಡು ಬಹಳ ವರ್ಷಗಳಾದವು. ಅವರಾದ ಮೇಲೆ ಈ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ. ನಿಜ ಹೇಳಬೇಕೆಂದರೆ, ನೀರು ಒಂದೊಂದು ದಿನ ಚೆನ್ನಾಗಿರುತ್ತಿತ್ತು, ಬಹಳ ದಿನ ಇರುತ್ತಿರಲಿಲ್ಲ. ಆ ಲೆಕ್ಕವೆಲ್ಲ ಅವ್ವನಿಗೆ ಯಾಕೆ?

“ಚೆನ್ನಾಗಿತ್ತು ಅವ್ವ” ಎಂದೆ ಜೋರಾಗಿ, ಅವಳ ಕಿವಿಗೆ ಬೀಳುವ ಹಾಗೆ. “ನೀನು ಮುಟ್ಲಿಲ್ವಲ್ಲ, ಅದಕ್ಕೇ ಚೆನ್ನಾಗಿತ್ತು.”

ಅವ್ವ ತಲೆಯಾಡಿಸಿದಳು. ಒಪ್ಪಿಸಿದ ಕೆಲಸ ಸರಿಯಾಗಿ ಮಾಡಿದವರ ಮುಖ ಅವಳದು. ಬಟ್ಟಲಿನಲ್ಲಿ ಬೆರಳು ಅದ್ದಿದಳು. ಕೈ ನನ್ನ ನೆತ್ತಿಯವರೆಗೂ ಏಳಲಿಲ್ಲ. ನಾನು ಮಣೆಯನ್ನು ಪಕ್ಕಕ್ಕೆ ತಳ್ಳಿ ಬರೀ ನೆಲಕ್ಕೆ ಕೂತೆ. ಆಗಲೂ ಎಟುಕಲಿಲ್ಲ. ತಲೆಯನ್ನು ಅವಳ ಮಡಿಲಿಗೆ ಬಗ್ಗಿಸಿದೆ. ಆಗ ಕೈ ಸಿಕ್ಕಿತು.

“ಕೂದ್ಲೆಲ್ಲ ಏನಾಗೋಗೈತೆ ಮಗಾ ನಿಂದು, ನಂದಕ್ಕಿಂತ ಬೆಳ್ಳಗೆ” ಎಂದು ಬೈಯುತ್ತ ಬೈಯುತ್ತ ಅವ್ವ ಹಚ್ಚಿದಳು. ಎಷ್ಟು ಹೊತ್ತೋ ಗೊತ್ತಿಲ್ಲ. ಅತ್ತಿಗೆ ಬಿಸಿನೀರು ಆರುತ್ತದೆ ಎಂದು ಕೂಗುತ್ತಲೇ ಇದ್ದಳು. ನನಗೆ ಅಲ್ಲೇ ಜೊಂಪು ಹತ್ತಿತು.

ಇದನ್ನು ಈಗ ದೊಡ್ಡಬಳ್ಳಾಪುರದ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಪಕ್ಕದ ಮಗ್ಗ ಬಡಿದುಕೊಳ್ಳುತ್ತಿದೆ, ಮೇಜು ನಡುಗುತ್ತಿದೆ. ದಣಿವೇನೂ ಹೋಗಿಲ್ಲ, ಅದು ಹಾಗೆ ಹೋಗುವಂಥದ್ದಲ್ಲ. ಹಬ್ಬವಾಗಿ ಕೆಲವು ದಿನವಾದರೂ ತಲೆಯಲ್ಲಿ ಎಣ್ಣೆ ಇನ್ನೂ ಇದೆ. ಬರೆಯುವಾಗ ಕೂದಲು ಹಿಂದಕ್ಕೆ ಸರಿಸಿಕೊಳ್ಳುವ ಹಳೇ ಅಭ್ಯಾಸ ನನ್ನದು; ಅದೇ ಕೈ ಕಾಗದದ ಮೇಲೆ ಊರಿ, ಹಾಳೆಯ ನಡುವೆ ಬೆರಳಿನಗಲದ ಒಂದು ಎಣ್ಣೆ ಗುರುತು ಬಿದ್ದಿದೆ. ಹಿಂದಾಗಿದ್ದರೆ ಹಾಳೆ ಹರಿದು ಹಾಕಿ, ಕೈ ತೊಳೆದು ಬಂದು ಬೇರೆಯದರಲ್ಲಿ ಬರೆಯುತ್ತಿದ್ದೆ. ಆ ಜಾಗದಲ್ಲಿ ಶಾಯಿ ಹಿಡಿಯುತ್ತಿಲ್ಲ, ಅಕ್ಷರ ಮೂಡುತ್ತಿಲ್ಲ. ಅಷ್ಟು ಜಾಗ ಅವ್ವನಿಗೆ ಬಿಟ್ಟು ಸುತ್ತ ಬರೆದುಕೊಂಡು ಹೋಗುತ್ತಿದ್ದೇನೆ.